ಬೆಳಕಿನ ಬೋನಿನಲ್ಲಿ ಮಿಡಿಯುವ ಮೋಡ

ಅಮೆರಿಕದ ಬೌಲ್ಡರ್ ನಗರದಲ್ಲಿರುವ ಕೊಲರಾಡೊ ವಿಶ್ವವಿದ್ಯಾಲಯದ ವಿಜ್ಞಾನಿ ಕಾರ್ಲ್ ವೈಮನ್ ಮತ್ತು ಅವರ ಸಂಗಡಿಗರಾದ ಥ್ಯಾಡ್ ವಾಕರ್, ಡೇವಿಡ್ ಸೆಸ್ಕೊ 1990ರಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಗಾಳಿಯನ್ನೆಲ್ಲ ಹೊರತೆಗೆದ ಪಾತ್ರೆಯೊಂದರಲ್ಲಿ ಅವರು ಸೀಸಿಯಂ ಲೋಹದ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ತಣಿಸಿ, ಒಂದೆಡೆ ಹಿಡಿದಿಡುವ ಪ್ರಯತ್ನದಲ್ಲಿದ್ದರು. ಪರಮಾಣುಗಳು ಹೆಚ್ಚಿದಂತೆ ಮೋಡ ದಟ್ಟವಾಗಬೇಕು ಎಂಬುದು ಸಹಜ ನಿರೀಕ್ಷೆ.

ಆದರೆ ಹಾಗಾಗಲಿಲ್ಲ. ಒಂದು ಮಿತಿಯವರೆಗೆ ಮೋಡ ಸಾಧುವಾಗಿ ವರ್ತಿಸಿತು. ಅಲ್ಲಿಂದಾಚೆಗೆ ಎಷ್ಟೇ ಪರಮಾಣುಗಳನ್ನು ಸೇರಿಸಿದರೂ ಅದರ ಸಾಂದ್ರತೆ ಏರದೆ, ಗಾತ್ರ ಮಾತ್ರ ಉಬ್ಬುತ್ತ ಹೋಯಿತು. ಲೇಸರ್ ಕಿರಣಗಳ ಜೋಡಣೆಯನ್ನು ತುಸು ಓರೆ ಮಾಡಿದಾಗ ಇನ್ನೂ ಸೋಜಿಗದ ನೋಟ ಕಂಡಿತು. ಪರಮಾಣುಗಳು ನಡುವಿನ ಮುದ್ದೆಯನ್ನು ಬಿಟ್ಟು, ಅದರ ಸುತ್ತ ಉಂಗುರದಂತೆ ಸುತ್ತತೊಡಗಿದವು!

ಈ ಪರಮಾಣುಗಳಿಗೆ ವಿದ್ಯುದಾವೇಶವಿಲ್ಲ. ಅವು ಒಂದಕ್ಕೊಂದು ತಗಲುವಷ್ಟು ಹತ್ತಿರವೂ ಇರಲಿಲ್ಲ. ಹಾಗಿದ್ದರೂ ಅವು ಪರಸ್ಪರ ದೂಡುತ್ತಿದ್ದವು. ದೂಡುತ್ತಿದ್ದುದು ಯಾವುದು? ಅವನ್ನು ತಣ್ಣಗಾಗಿಸಿ ಸುಮ್ಮನಿರಿಸಲೆಂದು ಹಾಯಿಸಿದ್ದ ಬೆಳಕೇ ಎಂಬುದು ವೈಮನ್ ತಂಡದ ಉತ್ತರವಾಗಿತ್ತು. ಅಂದು ತೊಡಕೆಂದು ತೋರಿದ ಈ ಸಂಗತಿಯೇ ಮುಂದೆ ಒಂದು ಸ್ವತಂತ್ರ ಅಧ್ಯಯನ ವಿಷಯವಾಗಿ ಬೆಳೆಯಿತು. ಅದರ ಕಥೆ ತಿಳಿಯಬೇಕಾದರೆ ಮೊದಲು ಧೂಮಕೇತುವಿನ ಬಾಲವನ್ನು ಹಿಡಿಯಬೇಕು.

ತಳ್ಳುವ ಬೆಳಕು

ಧೂಮಕೇತುವಿನ ಬಾಲ ಸದಾ ಸೂರ್ಯನಿಗೆ ವಿಮುಖವಾಗಿರುತ್ತದೆ. ಸೂರ್ಯನ ಕಿರಣಗಳೇ ಅದನ್ನು ಆಚೆಗೆ ತಳ್ಳುತ್ತವೆ ಎಂದು ಜರ್ಮನಿಯ ಖಗೋಳಜ್ಞ ಯೋಹಾನಸ್ ಕೆಪ್ಲರ್ 1619ರಲ್ಲಿ ಸೂಚಿಸಿದರು. ದೂಳಿನ ಬಾಲದ ಮಟ್ಟಿಗೆ ಆ ಊಹೆ ಸರಿಯಾಗಿತ್ತು. ಬೆಳಕಿಗೆ ಒತ್ತಡವಿರಲೇಬೇಕು ಎಂದು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲಿ ಗಣಿತದಿಂದ ತೋರಿಸಿದರು. ಮಾಸ್ಕೊದಲ್ಲಿ ಪ್ಯೋತರ್ ಲೆಬೆಡೆವ್ ಅದನ್ನು ಅಳೆದು, 1901ರಲ್ಲಿ ವಿವರ ಪ್ರಕಟಿಸಿದರು.

ಈ ಒತ್ತಡ ಎಷ್ಟು ಅಲ್ಪವೆಂದರೆ, ಭೂಮಿಯಷ್ಟು ದೂರದಲ್ಲಿ ಒಂದು ಚದರ ಕಿಲೊಮೀಟರ್ ಅಗಲದ ಕಪ್ಪು ಹಾಳೆಯನ್ನು ಸೂರ್ಯನಿಗೆ ಎದುರಾಗಿ ಹಿಡಿದರೂ ಅದರ ಮೇಲೆ ಬೀಳುವ ನೂಕುಬಲ ಸುಮಾರು ಅರ್ಧ ಕಿಲೋ ತೂಕದಷ್ಟು ಮಾತ್ರ! ಆದರೆ ಒಂದೇ ಒಂದು ಪರಮಾಣುವಿಗೆ ಅದೇ ಬೆಳಕು ತಾಗಿದರೆ ಲೆಕ್ಕ ಬೇರೆಯಾಗುತ್ತದೆ. ಬೆಳಕು ಕಣಕಣವಾಗಿ ಬಂದು ತಾಗುವುದರಿಂದ ಒಂದೊಂದು ಪರಮಾಣುವೂ ಒದೆತ ತಿನ್ನುತ್ತದೆ ಎಂದು ನಮ್ಮ ದೇಶದ ಮೇಘನಾದ ಸಾಹಾ 1919ರಲ್ಲಿ ವಾದಿಸಿದರು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಆಟೊ ಫ್ರಿಶ್ 1933ರಲ್ಲಿ ಇದನ್ನು ಪ್ರಯೋಗದಿಂದಲೇ ಕಂಡರು. ಸೋಡಿಯಂ ಪರಮಾಣುಗಳ ಹರಿವಿನ ಮೇಲೆ ಅವರು ಸೋಡಿಯಂ ದೀಪದ ಹಳದಿ ಬೆಳಕನ್ನು ಅಡ್ಡಲಾಗಿ ಬೀರಿದಾಗ ಹರಿವು ಕೂದಲೆಳೆಗಿಂತ ಕಡಿಮೆ ಬಾಗಿತು. ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದುದರಿಂದ ಯಹೂದಿ ಮೂಲದ ಫ್ರಿಶ್ ಕೆಲಸ ಕಳೆದುಕೊಂಡು ಜರ್ಮನಿಯನ್ನು ತೊರೆಯಬೇಕಾಯಿತು.

ಕಾಕಂಬಿಯಲ್ಲಿ ಸಿಕ್ಕ ಪರಮಾಣು

ಬೆಳಕಿನ ಈ ಒದೆತವನ್ನು ಕೆಲಸಕ್ಕೆ ಹಚ್ಚಲು 1960ರಲ್ಲಿ ಲೇಸರ್ ಹುಟ್ಟಬೇಕಾಯಿತು. ಕೋಣೆಯ ಉಷ್ಣತೆಯಲ್ಲಿ ಅನಿಲದ ಪರಮಾಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ದಿಕ್ಕುದೆಸೆಯಿಲ್ಲದೆ ಓಡಾಡುತ್ತಿರುತ್ತವೆ. ಉಷ್ಣತೆಯೆಂದರೆ ಈ ಓಡಾಟವೇ. ಓಟ ತಗ್ಗಿದರೆ ಅನಿಲ ತಣಿಯುತ್ತದೆ. ಎದುರಿನಿಂದ ಬೆಳಕಿನ ಒದೆತ ಕೊಟ್ಟು ಓಟವನ್ನು ತಗ್ಗಿಸಬಹುದಲ್ಲವೇ ಎಂಬ ಯೋಚನೆಯನ್ನು 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಟಿಯೋಡರ್ ಹೆನ್ಶ್ ಮತ್ತು ಆರ್ಥರ್ ಶಾಲೊ ಮುಂದಿಟ್ಟರು. ವಿದ್ಯುದಾವೇಶವುಳ್ಳ ಪರಮಾಣುಗಳಿಗೆ ಅನ್ವಯಿಸುವಂಥ ಇದೇ ಯೋಚನೆಯನ್ನು ಅದೇ ವರ್ಷ ಡೇವಿಡ್ ವೈನ್‌ಲ್ಯಾಂಡ್ ಮತ್ತು ಹ್ಯಾನ್ಸ್ ಡೆಮೆಲ್ಟ್ ಪ್ರತ್ಯೇಕವಾಗಿ ಮಂಡಿಸಿದರು.

ಎದುರಿಗೆ ಬರುವ ಪರಮಾಣುವನ್ನಷ್ಟೇ ಒದ್ದು, ಬೆನ್ನು ತಿರುಗಿಸಿ ಓಡುವುದನ್ನು ಬಿಟ್ಟುಬಿಡುವುದು ಹೇಗೆ? ಇದಕ್ಕೆ ರೈಲಿನ ಸೀಟಿಯ ಉದಾಹರಣೆ ಸಾಕು. ರೈಲು ಹತ್ತಿರ ಬರುತ್ತಿದ್ದಾಗ ಅದರ ಸೀಟಿಯ ಶ್ರುತಿ ಏರಿದಂತೆ ಕೇಳುತ್ತದೆ. ದೂರ ಸರಿಯುವಾಗ ಇಳಿಯುತ್ತದೆ. ಬೆಳಕಿಗೂ ಈ ಗುಣವುಂಟು. ಪ್ರತಿಯೊಂದು ಬಗೆಯ ಪರಮಾಣುವೂ ತನಗೆ ಒಪ್ಪುವ ಶ್ರುತಿಯ ಬೆಳಕನ್ನಷ್ಟೇ ಚೆನ್ನಾಗಿ ಹೀರುತ್ತದೆ. ಲೇಸರ್‌ನ ಶ್ರುತಿಯನ್ನು ಅದಕ್ಕಿಂತ ತುಸು ಕೆಳಗಿರಿಸಿದರೆ, ಬೆಳಕಿಗೆ ಎದುರಾಗಿ ಓಡುವ ಪರಮಾಣುವಿಗೆ ಶ್ರುತಿ ಏರಿದಂತೆ ಕಂಡು ಸರಿಹೊಂದುತ್ತದೆ. ಅದು ಬೆಳಕನ್ನು ಹೀರಿ ಒದೆತ ತಿನ್ನುತ್ತದೆ. ಹಿಂದುಮುಂದು, ಎಡಬಲ, ಮೇಲೆ ಕೆಳಗೆ ಹೀಗೆ ಆರು ಕಡೆಯಿಂದ ಇಂಥ ಕಿರಣಗಳನ್ನು ಹಾಯಿಸಿದರೆ ಪರಮಾಣು ಯಾವ ಕಡೆಗೆ ಹೊರಟರೂ ಎದುರೇಟು ಕಾದಿರುತ್ತದೆ. ಸೋಡಿಯಂ ಪರಮಾಣುವಿನ ವೇಗ ಒಂದು ಒದೆತಕ್ಕೆ ಸೆಕೆಂಡಿಗೆ ಮೂರು ಸೆಂಟಿಮೀಟರಿನಷ್ಟು ಕುಗ್ಗುತ್ತದೆ. ಹೀಗೆ ಸಾವಿರಾರು ಒದೆತಗಳಾದ ಮೇಲೆ ಅದು ಹೆಚ್ಚುಕಡಿಮೆ ನಿಂತೇಬಿಡುತ್ತದೆ.

ಸ್ಟೀವನ್ ಚು, ಆರ್ಥರ್ ಆಶ್ಕಿನ್ ಮೊದಲಾದವರಿದ್ದ ಬೆಲ್ ಪ್ರಯೋಗಾಲಯದ ತಂಡ 1985ರಲ್ಲಿ ಇದನ್ನು ಸಾಧಿಸಿತು. ನಿರಪೇಕ್ಷ ಶೂನ್ಯವೆಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ 273.15 ಡಿಗ್ರಿ ಕೆಳಗಿನ ಮಟ್ಟ. ಸೋಡಿಯಂ ಪರಮಾಣುಗಳು ಅದಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷದಲ್ಲಿ 240 ಭಾಗದಷ್ಟು ಮಾತ್ರ ಮೇಲಿದ್ದವು. ಅಂಟಾದ ದ್ರವದಲ್ಲಿ ಸಿಕ್ಕಂತೆ ತೆವಳುತ್ತಿದ್ದ ಅವುಗಳನ್ನು ಕಂಡು ವಿಜ್ಞಾನಿಗಳು ಆ ಬೆಳಕಿಗೆ ‘ಬೆಳಕಿನ ಕಾಕಂಬಿ’ ಎಂದೇ ಹೆಸರಿಟ್ಟರು. ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಅದೇ ಕಾಕಂಬಿ!

ಕಾಕಂಬಿ ಪರಮಾಣುಗಳ ವೇಗವನ್ನು ತಗ್ಗಿಸುತ್ತದೆಯೇ ಹೊರತು ಅವನ್ನು ಹಿಡಿದಿಡುವುದಿಲ್ಲ. ತೆವಳುತ್ತಲೇ ಅವು ಹೊರಗೆ ಜಾರಿಬಿಡುತ್ತವೆ. ಫ್ರಾನ್ಸಿನ ಜಾನ್ ದಾಲಿಬಾರ್ ಇದಕ್ಕೊಂದು ಉಪಾಯ ಸೂಚಿಸಿದರು. ಎರಡು ತಂತಿಸುರುಳಿಗಳಲ್ಲಿ ವಿರುದ್ಧ ದಿಕ್ಕಿಗೆ ವಿದ್ಯುತ್ ಹರಿಸಿದರೆ ನಡುವೆ ಕಾಂತಕ್ಷೇತ್ರ ಸೊನ್ನೆಯಾಗಿರುತ್ತದೆ; ನಡುವಿನಿಂದ ದೂರ ಹೋದಂತೆಲ್ಲ ಬಲಗೊಳ್ಳುತ್ತದೆ. ಕಾಂತಕ್ಷೇತ್ರ ಪರಮಾಣುವಿನ ಶ್ರುತಿಯನ್ನೇ ಬದಲಿಸಬಲ್ಲುದು. ಹೀಗಾಗಿ ಪರಮಾಣು ನಡುವಿನಿಂದ ಎಷ್ಟು ದೂರ ಸರಿದರೆ, ಅದನ್ನು ಒಳಕ್ಕೆ ತಳ್ಳುವ ಕಿರಣಕ್ಕೆ ಅಷ್ಟು ಹೆಚ್ಚು ಹೊಂದುತ್ತದೆ. ಈ ಬೆಳಕು ಮತ್ತು ಕಾಂತದ ಬೋನು 1987ರಲ್ಲಿ ಬೆಲ್ ಪ್ರಯೋಗಾಲಯದ ಚು ಮತ್ತು ಎಂ.ಐ.ಟಿ.ಯ ಡೇವಿಡ್ ಪ್ರಿಚರ್ಡ್ ಅವರಿದ್ದ ತಂಡದ ಕೈಯಲ್ಲಿ ಸಿದ್ಧವಾಯಿತು. ಒಂದು ಕೋಟಿ ಸೋಡಿಯಂ ಪರಮಾಣುಗಳು ಅರ್ಧ ಮಿಲಿಮೀಟರಿಗಿಂತ ಕಿರಿದಾದ ಜಾಗದಲ್ಲಿ ಎರಡು ನಿಮಿಷ ನಿಂತವು. ಇಂದಿಗೂ ಜಗತ್ತಿನ ತಣಿದ ಪರಮಾಣು ಪ್ರಯೋಗಾಲಯಗಳಲ್ಲಿ ಬಹುಪಾಲು ಕೆಲಸ ಶುರುವಾಗುವುದು ಇದೇ ಬೋನಿನಿಂದ.

ಒಂಟಿಯ ಗುಣ, ಗುಂಪಿನ ಗುಣ

ಇಷ್ಟು ಹೊತ್ತು ಹೇಳಿದ್ದು ಒಂಟಿ ಪರಮಾಣುವಿನ ಕಥೆ. ಕೋಟಿಗಟ್ಟಲೆ ಪರಮಾಣುಗಳು ಒಂದೆಡೆ ಸೇರಿದಾಗ ಆಗುವುದೇ ಬೇರೆ.

ಪರಮಾಣು ಹೀರಿದ ಬೆಳಕನ್ನು ಇಟ್ಟುಕೊಳ್ಳುವುದಿಲ್ಲ. ಮರುಕ್ಷಣವೇ ಯಾವುದೋ ಒಂದು ದಿಕ್ಕಿಗೆ ಉಗುಳುತ್ತದೆ. ಮೋಡ ತೆಳುವಾಗಿದ್ದರೆ ಆ ಬೆಳಕು ಹೊರಗೆ ಹೋಗಿಬಿಡುತ್ತದೆ. ದಟ್ಟವಾಗಿದ್ದರೆ ಪಕ್ಕದ ಪರಮಾಣು ಅದನ್ನು ಹೀರುತ್ತದೆ. ಉಗುಳಿದ್ದಕ್ಕೆ ಒಂದು ಪರಮಾಣು ಹಿಂದಕ್ಕೆ ಸರಿದರೆ, ಹೀರಿದ್ದಕ್ಕೆ ಇನ್ನೊಂದು ಆಚೆಗೆ ಸರಿಯುತ್ತದೆ. ಅಲ್ಲಿಗೆ ಎರಡೂ ದೂರವಾದವು. ಸ್ವಾರಸ್ಯವೆಂದರೆ, ಈ ನೂಕುಬಲ ದೂರದ ವರ್ಗಕ್ಕೆ ವಿಲೋಮವಾಗಿ, ಒಂದೇ ಬಗೆಯ ಎರಡು ವಿದ್ಯುದಾವೇಶಗಳ ನಡುವಿನ ಬಲದಂತೆಯೇ ಕುಗ್ಗುತ್ತದೆ. ಆವೇಶವೇ ಇಲ್ಲದ ಪರಮಾಣುಗಳು ಆವೇಶವಿದ್ದಂತೆ ವರ್ತಿಸುವುದು ಇದರಿಂದಲೇ.

ಇದಕ್ಕೆ ವಿರುದ್ಧವಾದ ಬಲವೂ ಒಂದಿದೆ. ಲೇಸರ್ ಕಿರಣ ಮೋಡವನ್ನು ಹೊಕ್ಕು ಹೋಗುವಾಗ ಸೊರಗುತ್ತದೆ. ಮುಂದಿನ ಪರಮಾಣುವಿನ ನೆರಳು ಹಿಂದಿನದರ ಮೇಲೆ ಬೀಳುತ್ತದೆ. ಎರಡು ಬದಿಯಿಂದಲೂ ಹೀಗಾಗುವುದರಿಂದ ಹೊರಗಿನ ಪೂರ್ಣ ಬೆಳಕು ಮೋಡವನ್ನು ಒಳಕ್ಕೆ ಒತ್ತುತ್ತದೆ. ನೆರಳು ಒತ್ತುತ್ತದೆ, ಚದುರಿದ ಬೆಳಕು ಉಬ್ಬಿಸುತ್ತದೆ. ಗೆಲ್ಲುವುದು ಯಾವುದು? ಪರಮಾಣುಗಳು ಉಗುಳಿದ ಬೆಳಕನ್ನು ನೆರೆಯ ಪರಮಾಣುಗಳು ಮೂಲ ಲೇಸರ್ ಬೆಳಕಿಗಿಂತ ಸುಲಭವಾಗಿ ಹೀರುವುದರಿಂದ ಉಬ್ಬರವೇ ಮೇಲುಗೈ ಪಡೆಯುತ್ತದೆ ಎಂದು ವೈಮನ್ ತಂಡ ವಿವರಿಸಿತು. ಸಾಂದ್ರತೆ ಒಂದು ಮಟ್ಟದಲ್ಲಿ ನಿಂತುಬಿಟ್ಟದ್ದರ ಗುಟ್ಟು ಇದು. ಗಮನಿಸಬೇಕಾದ ಅಂಶವೆಂದರೆ, 1987ರ ಬೋನಿನಲ್ಲಿದ್ದಂಥ ಮೋಡ ಕೂಡ ನಾವು ಉಸಿರಾಡುವ ಗಾಳಿಗಿಂತ ಸುಮಾರು 25 ಕೋಟಿ ಪಟ್ಟು ವಿರಳ. ಅಷ್ಟು ವಿರಳವಾದದ್ದೂ ಬೆಳಕಿನ ಪಾಲಿಗೆ ದಟ್ಟ ಜಾತ್ರೆ!

ಕವಲೊಡೆದ ದಾರಿ

ಇಲ್ಲಿಂದ ಮುಂದೆ ಇತಿಹಾಸ ಎರಡು ಕವಲಾಗುತ್ತದೆ.

ವೈಮನ್ ಅವರ ಗುರಿ ಬೇರೆಯೇ ಇತ್ತು. ಢಾಕಾ ವಿಶ್ವವಿದ್ಯಾಲಯದಲ್ಲಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಬರೆದ ಪ್ರಬಂಧವನ್ನು ಆಧರಿಸಿ ಆಲ್ಬರ್ಟ್ ಐನ್‌ಸ್ಟೈನ್ ಒಂದು ಹೊಸ ದ್ರವ್ಯಸ್ಥಿತಿಯನ್ನು ಊಹಿಸಿದ್ದರು. ಅತಿಶೀತದಲ್ಲಿ ಪರಮಾಣುಗಳೆಲ್ಲ ತಮ್ಮ ಪ್ರತ್ಯೇಕತೆ ಕಳೆದುಕೊಂಡು ಒಂದೇ ಅಲೆಯಂತೆ ವರ್ತಿಸುವ ಸ್ಥಿತಿ ಅದು. ಅದನ್ನು ಮುಟ್ಟಲು ಹೆಚ್ಚು ಸಾಂದ್ರತೆ ಬೇಕು. ಬೆಳಕಿನ ಬೋನು ಅದಕ್ಕೇ ಅಡ್ಡಿಯಾಗಿತ್ತು. ವೈಮನ್ ಮತ್ತು ಎರಿಕ್ ಕಾರ್ನೆಲ್ ಆ ಅಡ್ಡಿಯನ್ನು ಬಳಸಿ ಹೋದರು. ಬೋನಿನಲ್ಲಿ ತಣಿಸಿದ ಮೇಲೆ ಬೆಳಕನ್ನು ಪೂರ್ತಿ ಆರಿಸಿ, ಪರಮಾಣುಗಳನ್ನು ಕೇವಲ ಕಾಂತಕ್ಷೇತ್ರದಲ್ಲಿ ಹಿಡಿದರು. ಹಬೆಯಾಡಿ ಚಹಾ ಆರುವಂತೆ, ಬಿಸಿ ಹೆಚ್ಚಿರುವ ಪರಮಾಣುಗಳು ಹಾರಿಹೋಗಲು ಬಿಟ್ಟು ಉಳಿದವನ್ನು ಮತ್ತಷ್ಟು ತಣಿಸಿದರು. 1995ರ ಜೂನ್ 5ರಂದು ಸುಮಾರು 2,000 ರುಬಿಡಿಯಂ ಪರಮಾಣುಗಳು ಬೋಸ್-ಐನ್‌ಸ್ಟೈನ್ ಸ್ಥಿತಿಗೆ ಇಳಿದವು. ಅದೇ ವರ್ಷ ಎಂ.ಐ.ಟಿ.ಯಲ್ಲಿ ವೋಲ್ಫ್‌ಗಾಂಗ್ ಕೆಟರ್ಲೆ ಸೋಡಿಯಂನಿಂದ ಇದನ್ನು ಸಾಧಿಸಿದರು. ಲೇಸರ್ ತಣಿಸುವಿಕೆಗಾಗಿ 1997ರಲ್ಲಿ ಚು, ವಿಲಿಯಂ ಫಿಲಿಪ್ಸ್ ಮತ್ತು ಕ್ಲೋಡ್ ಕೋಹೆನ್-ತನ್ನೂಜಿ ಅವರಿಗೂ, ಹೊಸ ದ್ರವ್ಯಸ್ಥಿತಿಗಾಗಿ 2001ರಲ್ಲಿ ಕಾರ್ನೆಲ್, ವೈಮನ್, ಕೆಟರ್ಲೆ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಇದು ಎಲ್ಲರಿಗೂ ತಿಳಿದ ಹೆದ್ದಾರಿ. ಇನ್ನೊಂದು ಕಾಲುದಾರಿ. ಅಡ್ಡಿಯನ್ನು ಬಳಸಿ ಹೋಗದೆ ಅದರ ಎದುರೇ ಕುಳಿತು, ಇದು ಹೀಗೇಕೆ ಎಂದು ಕೇಳಿದವರು ಹಿಡಿದ ದಾರಿ. ಇದರ ಮುಖ್ಯ ಹೆಜ್ಜೆಗಳು ಮೂಡಿದ್ದು ಫ್ರಾನ್ಸಿನಲ್ಲಿ.

ಮೊದಲನೆಯದು ಉತ್ತರ ಫ್ರಾನ್ಸಿನ ಲಿಲ್ ನಗರದಲ್ಲಿ. ಅಲ್ಲಿನ ಡೇನಿಯಲ್ ಎನ್ಕ್ಯಾಂ, ಡೇವಿಡ್ ವಿಲ್ಕೋವ್ಸ್ಕಿ ಮತ್ತು ಸಂಗಡಿಗರು ಬೋನಿನ ಮೋಡ ತಾನಾಗಿ ಅತ್ತಿತ್ತ ಓಲಾಡುವುದನ್ನು 2000ರಲ್ಲಿ ವರದಿ ಮಾಡಿದರು. ಅವರ ಬೋನಿನಲ್ಲಿ ಒಂದು ಬದಿಯಿಂದ ಬಂದ ಕಿರಣವೇ ಕನ್ನಡಿಗೆ ತಾಗಿ ಮರಳಿ ಬರುತ್ತಿತ್ತು. ಹೋಗುವಾಗಲೇ ಮೋಡದಲ್ಲಿ ಸೊರಗಿದ ಕಿರಣ ಮರಳಿ ಬರುವಾಗ ಇನ್ನೂ ದುರ್ಬಲ. ಎರಡು ಬದಿಯ ತಳ್ಳು ಸಮನಾಗಿರುವುದಿಲ್ಲವಾದ್ದರಿಂದ ಮೋಡ ಪಕ್ಕಕ್ಕೆ ಜರುಗುತ್ತದೆ. ಎಂಥ ಉಪಕರಣದಲ್ಲೂ ತಪ್ಪದ ಸಣ್ಣ ಅಲುಗಾಟವನ್ನೇ ಈ ವ್ಯವಸ್ಥೆ ಹಿಗ್ಗಿಸಿ ದೊಡ್ಡ ಓಲಾಟವಾಗಿಸಬಲ್ಲುದು ಎಂದು ಅವರು ತೋರಿಸಿದರು. ಹೊರಗಿನ ಅಲುಗಾಟದ ನೆರವಿಲ್ಲದೆಯೂ ಮೋಡ ಭಾರಿ ಓಲಾಟಕ್ಕೆ ತೊಡಗಬಲ್ಲುದು ಎಂಬುದು 2003ರಲ್ಲಿ ಗೊತ್ತಾಯಿತು.

ಹಾಗಾದರೆ ಆರು ಕಿರಣಗಳನ್ನೂ ಬೇರೆಬೇರೆಯಾಗಿ ತಂದು, ಎಲ್ಲ ಬದಿಯ ಬಲವನ್ನೂ ಸರಿದೂಗಿಸಿದರೆ ಮೋಡ ಸುಮ್ಮನಿದ್ದೀತೆ? ಮೆಡಿಟರೇನಿಯನ್ ತೀರದ ನೀಸ್ ನಗರದಲ್ಲಿ ಗಿಯೋಮ್ ಲಾಬೆರಿ, ಫ್ರಾಂಕ್ ಮಿಶೋ ಮತ್ತು ರೋಬಿನ್ ಕೈಸರ್ ಈ ಪರೀಕ್ಷೆ ನಡೆಸಿ 2006ರಲ್ಲಿ ಉತ್ತರ ಪ್ರಕಟಿಸಿದರು. ನೂರಾರು ಕೋಟಿ ರುಬಿಡಿಯಂ ಪರಮಾಣುಗಳ ಅವರ ಮೋಡ ಒಂದು ಹೊಸ್ತಿಲು ದಾಟಿದೊಡನೆ ಹಿಗ್ಗುತ್ತ ಕುಗ್ಗುತ್ತ ಮಿಡಿಯತೊಡಗಿತು. ಹೊರಗಿನಿಂದ ಯಾರೂ ಅದನ್ನು ಅಲುಗಿಸಿರಲಿಲ್ಲ.

ಜೋಕಾಲಿಗೆ ಹಿಂದಿನಿಂದ ತಳ್ಳು

ಇದರ ಕಾರಣವನ್ನು ಮೋಡದ ಅಂಚಿನಲ್ಲಿ ಹುಡುಕಬೇಕು. ನಡುವಿನಿಂದ ದೂರ ಸರಿದಂತೆ ಕಾಂತಕ್ಷೇತ್ರ ಪರಮಾಣುವಿನ ಶ್ರುತಿಯನ್ನು ಲೇಸರ್‌ಗೆ ಹತ್ತಿರ ತರುತ್ತದೆ ಎಂದು ಆಗಲೇ ಹೇಳಿದೆ. ಒಂದು ದೂರದಲ್ಲಿ ಎರಡೂ ಸಮವಾಗುತ್ತವೆ. ಒಳಕ್ಕೆ ತಳ್ಳುವ ಬಲ ಅಲ್ಲಿ ಗರಿಷ್ಠ. ಪುಟ್ಟ ಮೋಡ ಅಷ್ಟು ದೂರ ಹರಡಿರುವುದೇ ಇಲ್ಲ. ಆದರೆ ಪರಮಾಣುಗಳು ಹೆಚ್ಚಿ, ಪರಸ್ಪರ ದೂಡಿ, ಮೋಡ ಉಬ್ಬಿದಾಗ ಅದರ ಅಂಚು ಆ ಗೆರೆಯನ್ನು ದಾಟುತ್ತದೆ.

ಗೆರೆಯಾಚೆ ನಿಯಮಗಳೆಲ್ಲ ತಲೆಕೆಳಗು. ಹೊರಕ್ಕೆ ಹೋದಂತೆ ತಡೆ ಬಲಗೊಳ್ಳುವ ಬದಲು ಸಡಿಲವಾಗುತ್ತದೆ. ಹೊರಕ್ಕೆ ಓಡುವ ಪರಮಾಣುವಿಗೆ ಎದುರೇಟು ಕಡಿಮೆ ಬೀಳುತ್ತದೆ. ಒಳಕ್ಕೆ ಓಡುವುದಕ್ಕೆ ಬೆನ್ನ ಹಿಂದಿನಿಂದ ಇನ್ನಷ್ಟು ತಳ್ಳು ಸಿಗುತ್ತದೆ. ಓಟವನ್ನು ತಗ್ಗಿಸಬೇಕಾದ ಬೆಳಕು ಓಟವನ್ನು ಹೆಚ್ಚಿಸುತ್ತದೆ! ನಾಗರಪಂಚಮಿಯ ಜೋಕಾಲಿಯಲ್ಲಿ ಕುಳಿತ ಹುಡುಗಿಗೆ ಗೆಳತಿಯರು ಪ್ರತಿ ಸಲವೂ ಅವಳು ಹೊರಟ ಕಡೆಗೇ ತಳ್ಳು ಕೊಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ತೂಗು ನಿಲ್ಲುವುದಿಲ್ಲ, ಹೆಚ್ಚುತ್ತದೆ. ಈ ವಿವರಣೆಯನ್ನು ಥಾಮಸ್ ಪೋಲ್ ಅವರು ನೀಸ್‌ನ ವಿಜ್ಞಾನಿಗಳ ಜೊತೆ ಸೇರಿ ಗಣಿತದ ಮೂಲಕ ಬೆಳೆಸಿದರು.

ಕಿವಿ ಕೇಳದ ಹುಡುಗ ಕಂಡ ನಕ್ಷತ್ರ

ತಾನಾಗಿ ಹಿಗ್ಗಿ ಕುಗ್ಗುವ ಅನಿಲದ ಗೋಳ ವಿಜ್ಞಾನಕ್ಕೆ ಹೊಸದೇನಲ್ಲ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಜಾನ್ ಗುಡ್ರಿಕ್ ಎಂಬ ಕಿವಿ ಕೇಳದ ಯುವಕ 1784ರಲ್ಲಿ ಡೆಲ್ಟಾ ಸೆಫಿ ಎಂಬ ನಕ್ಷತ್ರದ ಬೆಳಕು ಐದು ದಿನ ಚಿಲ್ಲರೆ ಗಂಟೆಗಳಿಗೊಮ್ಮೆ ಏರಿಳಿಯುವುದನ್ನು ಗುರುತಿಸಿದ. ಎರಡೇ ವರ್ಷಗಳ ನಂತರ, ತನ್ನ 21ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನು ಕಂಡದ್ದು ನಕ್ಷತ್ರದ ಮಿಡಿತ ಎಂದು ತಿಳಿಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ನಕ್ಷತ್ರವನ್ನು ಗುರುತ್ವ ಒಳಕ್ಕೆ ಸೆಳೆಯುತ್ತದೆ. ಒಳಗಿನ ಬಿಸಿ ಅನಿಲ ಮತ್ತು ಬೆಳಕು ಹೊರಕ್ಕೆ ಒತ್ತುತ್ತವೆ. ದೊಡ್ಡ ನಕ್ಷತ್ರಗಳಲ್ಲಿ ಬೆಳಕಿನ ಒತ್ತಡಕ್ಕೆ ದೊಡ್ಡ ಪಾತ್ರವಿದೆ ಎಂದು ತೋರಿಸಿದವರು ಇಂಗ್ಲೆಂಡಿನ ಆರ್ಥರ್ ಎಡಿಂಗ್ಟನ್. ಕುಗ್ಗಿದಾಗ ಬೆಳಕನ್ನು ತಡೆದು, ಹಿಗ್ಗಿದಾಗ ಬಿಟ್ಟುಕೊಡುವ ಕವಾಟದಂಥ ಏರ್ಪಾಡೊಂದು ನಕ್ಷತ್ರದಲ್ಲಿದ್ದರೆ ಮಿಡಿತ ನಿಲ್ಲದೆ ನಡೆಯುತ್ತದೆ ಎಂದು ಅವರು ತರ್ಕಿಸಿದರು. ಆ ಕವಾಟ ಹೀಲಿಯಂ ಪದರದಲ್ಲಿದೆ ಎಂಬುದನ್ನು 1950ರ ದಶಕದಲ್ಲಿ ರಷ್ಯದ ಸೆರ್ಗಿ ಜೆವಾಕಿನ್ ತೋರಿಸಿದರು.

ಬೋನಿನ ಮೋಡದಲ್ಲಿ ಗುರುತ್ವದ ಕೆಲಸವನ್ನು ಲೇಸರ್ ಮತ್ತು ಕಾಂತಕ್ಷೇತ್ರ ಮಾಡುತ್ತವೆ. ಚದುರಿದ ಬೆಳಕು ಹೊರಕ್ಕೆ ಒತ್ತುತ್ತದೆ. ಇಲ್ಲಿ ಹೀಲಿಯಂ ಕವಾಟವಿಲ್ಲ. ಎರಡರ ಒಳ ಏರ್ಪಾಡು ಒಂದೇ ಎಂದು ಹೇಳುವಂತಿಲ್ಲ. ಆದರೆ ಒಳಸೆಳೆತ ಮತ್ತು ಬೆಳಕಿನ ಒತ್ತಡಗಳ ಜಗ್ಗಾಟ ಎರಡರಲ್ಲೂ ಇದೆ. ಅಲುಗಾಟಕ್ಕೆ ತಾನೇ ಬಲ ತುಂಬಿಕೊಳ್ಳುವ ಗುಣವೂ ಎರಡರಲ್ಲೂ ಇದೆ. ಒಂದರ ಅಡ್ಡಳತೆ ಕೋಟಿಗಟ್ಟಲೆ ಕಿಲೊಮೀಟರ್. ಇನ್ನೊಂದು ಅಂಗೈಯಲ್ಲಿ ಹಿಡಿಸುವಷ್ಟು. ಒಂದರ ಮೇಲ್ಮೈ ಸಾವಿರಾರು ಡಿಗ್ರಿ ಬಿಸಿ. ಇನ್ನೊಂದು ನಿರಪೇಕ್ಷ ಶೂನ್ಯದ ಹೊಸ್ತಿಲಲ್ಲಿದೆ.

ಹೋಲಿಕೆ ಅಲ್ಲಿಗೇ ನಿಲ್ಲಲಿಲ್ಲ. ಅತಿ ಕಾಂತೀಯ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಬೆಳಕು ಗುಳ್ಳೆಗಳಾಗಿ ಏಳಬಹುದೆಂಬ ಊಹೆ ಖಗೋಳ ವಿಜ್ಞಾನದಲ್ಲಿದೆ. ಅಂಥ ಬೆಳಕಿನ ಗುಳ್ಳೆಗಳು ತಣಿದ ಮೋಡದಲ್ಲೂ ಹುಟ್ಟಬಹುದೆಂದು ಲಿಸ್ಬನ್ನಿನ ಟೀಟೊ ಮೆಂಡೋನ್ಸಾ ಮತ್ತು ಕೈಸರ್ 2012ರಲ್ಲಿ ಲೆಕ್ಕ ಹಾಕಿದರು. 2014ರ ವೇಳೆಗೆ ನೀಸ್‌ನ ಬೋನಿನಲ್ಲಿ 10,000 ಕೋಟಿಗೂ ಹೆಚ್ಚು ಪರಮಾಣುಗಳನ್ನು ಹಿಡಿಯಲು ಸಾಧ್ಯವಾಗಿತ್ತು. ಲೇಸರ್‌ನ ಶ್ರುತಿ ಮತ್ತು ಕಾಂತಕ್ಷೇತ್ರವನ್ನು ಬದಲಿಸುತ್ತ, ಮಿಡಿತದ ಹೊಸ್ತಿಲು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು 2020ರಲ್ಲಿ ಅದೇ ತಂಡ ಅಳೆದು ಸಿದ್ಧಾಂತದೊಡನೆ ಹೋಲಿಸಿತು. ಹೊಸ್ತಿಲು ದಾಟಿದ ಮೋಡ ಬರೀ ಚೆಂಡಿನಂತೆ ಹಿಗ್ಗಿ ಕುಗ್ಗುವುದಿಲ್ಲ. ಅದರ ಭಾಗಗಳು ಬೇರೆಬೇರೆ ರೀತಿಯಲ್ಲೂ ಅಲುಗಬಲ್ಲವು. ಅದನ್ನು ಹಿಡಿಯಲು ಮೂರು ಆಯಾಮದ ಕಂಪ್ಯೂಟರ್ ಲೆಕ್ಕಗಳೇ ಬೇಕಾದವು.

ಏನು ಉಪಯೋಗ?

ಉಪಯೋಗದ ಪ್ರಶ್ನೆ ಸಹಜ. ಸೀಸಿಯಂ ಗಡಿಯಾರ, ಗುರುತ್ವವನ್ನು ಅಳೆಯುವ ಸೂಕ್ಷ್ಮ ಉಪಕರಣ ಮೊದಲಾದವುಗಳಲ್ಲಿ ತಣಿದ ಪರಮಾಣುಗಳು ದುಡಿಯುತ್ತಿವೆ. ಪರಮಾಣುಗಳು ಹೆಚ್ಚಿದಷ್ಟೂ ಅಳತೆ ಸ್ಪಷ್ಟ. ಆದರೆ ಬೋನಿನಲ್ಲಿ ಎಷ್ಟು ತುಂಬಬಹುದು, ಯಾವ ಹಂತದಲ್ಲಿ ಮೋಡ ಕೈಮೀರುತ್ತದೆ ಎಂಬುದು ತಿಳಿದಿರಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿದಂತೆ ತಣಿದ ಪರಮಾಣುಗಳ ಮೇಲೆ ಕೆಲಸ ನಡೆಯುವ ಕಡೆಗಳಲ್ಲೆಲ್ಲ ಈ ತಿಳಿವಳಿಕೆ ಕೆಲಸಕ್ಕೆ ಬರುವಂಥದು.

ಅದಕ್ಕಿಂತ ದೊಡ್ಡ ಲಾಭ ಬೇರೆಯಿದೆ. ಗುಡ್ರಿಕ್ ತನ್ನ ನಕ್ಷತ್ರವನ್ನು ರಾತ್ರಿ ರಾತ್ರಿ ನೋಡಬಹುದಿತ್ತು, ಅಷ್ಟೇ. ನಕ್ಷತ್ರಕ್ಕೆ ಒಂದಿಷ್ಟು ಅನಿಲ ಸೇರಿಸಿ ಏನಾಗುತ್ತದೆ ಎಂದು ಪರೀಕ್ಷಿಸಲು, ಮಿಡಿತ ಶುರುವಾಗುವ ಗಳಿಗೆಗೆ ಕಾದು ಕೂರಲು ಅವನಿಗೆ ಸಾಧ್ಯವಿರಲಿಲ್ಲ. ಇಂದಿನ ಖಗೋಳಜ್ಞರಿಗೂ ಅದು ಸಾಧ್ಯವಿಲ್ಲ. ಬೋನಿನ ಮುಂದೆ ಕುಳಿತ ವಿಜ್ಞಾನಿ ಮಾತ್ರ ಪರಮಾಣುಗಳನ್ನು ಹೆಚ್ಚಿಸಿ ಮೋಡವನ್ನು ಮಿಡಿಸಬಲ್ಲ, ಲೇಸರ್‌ನ ಶ್ರುತಿಯನ್ನು ಬದಲಿಸಿ ಮತ್ತೆ ಸುಮ್ಮನಾಗಿಸಬಲ್ಲ. ಬೌಲ್ಡರ್‌ನಲ್ಲಿ ಬೇಡವೆಂದು ಬದಿಗೆ ಸರಿಸಿದ ತೊಡಕನ್ನು ಯಾರೋ ಎತ್ತಿಕೊಂಡದ್ದರಿಂದಲೇ ಅವನಿಗೆ ಈ ಅನುಕೂಲ ದೊರೆಯಿತು.